ತೆಗೆದವರು ಬರೀಬೇಕು

ವಿಮಾನದ ಹಿಂದಿನ ಬಲಗಾಲು ಅಲ್ಲಾಡುತ್ತಿತ್ತು. ಸುಮಧ್ವ ಅಂಗಳದಲ್ಲಿ ಮಂಡಿಯೂರಿ ಕೂತು ಅದಕ್ಕೆ ತಾಮ್ರದ ತಂತಿ ಸುತ್ತಿ ಸುತ್ತಿ ಬಿಗಿಯುತ್ತಿದ್ದ. ಮೋಟರಿಗೆ ಸುತ್ತಲು ಅಂಗಡಿಯಲ್ಲಿ ತಂದಿಟ್ಟಿದ್ದ ತಂತಿ ಅದು. ಬಿದಿರಿಗೆ ಬಾಳೆಕಂಬ, ಚೆಂಡುಹೂ ಕಟ್ಟಿ ಸಿಂಗಾರ ಮಾಡಿದ ಪುಣ್ಯಾತ್ಮರಿಗೆ ಹೆಣ ಕೂರುವ ಮಣೆಯ ಕಾಲನ್ನೂ ಒಮ್ಮೆ ನೋಡಬೇಕೆಂದು ಹೊಳೆದಿರಲಿಲ್ಲ. ಸತ್ತವರನ್ನು ಕೂತಂತೆಯೇ ಒಯ್ದು ಕೂತಂತೆಯೇ ಮಣ್ಣು ಮಾಡುವ ಮನೆತನ. ದಾರಿಯಲ್ಲಿ ಮಣೆ ವಾಲಿದರೆ ನೋಡಿದವರು ಏನಂದಾರು?

"ಗಟ್ಟಿ ಆತೇನ್ರಿ?" ಎಂದು ಸತ್ತವರ ತಮ್ಮ ತೋಟಪ್ಪ ಬಂದು ನಿಂತ. ಬಾಗಿಲಲ್ಲಿ ನಿಂತಿದ್ದ ಟ್ರ್ಯಾಕ್ಟರು ಅವನದೇ.

"ಇನ್ನೆರಡು ಸುತ್ತು."

"ನಮ್ಮಣ್ಣ ಇದ್ದಿದ್ರ ಇಷ್ಟೊತ್ತಿಗೆ ವಿಮಾನಾನ ಪೂರಾ ಬಿಚ್ಚಿ ಮತ್ತ ಕಟ್ಟತಿದ್ದ ನೋಡ್ರಿ," ಅನ್ನುತ್ತ ತೋಟಪ್ಪ ನಗಲು ಹೋದವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

ಪಡಸಾಲೆಯಲ್ಲಿ ಜಡೆಪ್ಪನವರು ಗೋಡೆಗೊರಗಿ ಕೂತಿದ್ದರು. ಹಣೆಗೆ ಮೂರು ಬೆರಳಿನ ವಿಭೂತಿ, ಎಡ ಅಂಗೈಯಲ್ಲಿ ಇಷ್ಟಲಿಂಗ, ಕೊರಳ ತುಂಬ ಮಲ್ಲಿಗೆ. ಐವತ್ತೆಂಟು ಏನು ಸಾಯುವ ವಯಸ್ಸೇ? ನಿನ್ನೆ ಬುಧವಾರ ಬೆಳಿಗ್ಗೆ, ಸುಮಧ್ವನೂ ದುಡಿಯುವ ತಮ್ಮ ಮೋಟರು ಅಂಗಡಿಯಲ್ಲಿ ನೆಲಕ್ಕೆ ಬಿದ್ದ ಒಂದು ಸ್ಕ್ರೂ ಎತ್ತಿಕೊಳ್ಳಲು ಬಗ್ಗಿದವರು ಮೇಲೇಳಲಿಲ್ಲ. ಹೃದಯ ನಿಂತಿತು ಅಂದರು ಡಾಕ್ಟರು. ಆ ಸ್ಕ್ರೂ ಇನ್ನೂ ಸಿಕ್ಕಿಲ್ಲ.

ಮಣ್ಣಿಗೆ ಬಂದವರಲ್ಲಿ ಅರ್ಧ ಜನ ಕಂಪ್ಲಿ ಕಡೆಯ ಭತ್ತದ ರೈತರು. ಬೆಳಗಿನ ಬಸ್ಸಿಗೇ ಹೊಸಪೇಟೆಗೆ ಬಂದಿಳಿದಿದ್ದರು. ಅವರಲ್ಲೊಬ್ಬ ಯಾರೂ ಕೇಳದಿದ್ದರೂ ಎಲ್ಲರಿಗೂ ಹೇಳುತ್ತಿದ್ದ: "ಕರೆಂಟು ಬರೋದು ಕತ್ತಲಾಗ. ಮೋಟ್ರ ಚಾಲೂ ಮಾಡಾಕ ಹೋಗಿ ಎಲ್ಡು ಸಲ ಹಾವು ತುಳದವ ನಾನು. ಇವರ ಮಿಸ್ ಕಾಲ್ ಡಬ್ಬಿ ಬಂದ ಮ್ಯಾಲೆ ಹಾಸಿಗ್ಯಾಗ ಕುಂತು ಒಂದು ರಿಂಗ್ ಕೊಟ್ರ ಮೋಟ್ರ ಚಾಲೂ. ಎಲ್ಡು ರಿಂಗ್ ಕೊಟ್ರ ಬಂದ್. ದುಡ್ಡಿಲ್ಲ ಕಾಸಿಲ್ಲ. ನಾನು ಬದುಕಿರಾದು ಇವರಿಂದ್ರಿ."

ಒಳಗಿಂದ ಜಡೆಪ್ಪನವರ ಹೆಂಡತಿ ನೀಲಗಂಗಮ್ಮ ಕೈಸನ್ನೆ ಮಾಡಿ ಸುಮಧ್ವನನ್ನು ಕರೆದಳು. ಅತ್ತು ಅತ್ತು ಆಕೆಯ ದನಿ ಉಳಿದಿರಲಿಲ್ಲ.

"ಬಾರಪಾ ಇಲ್ಲೆ. ಇದು ಅವರ ಕಿವಿ ಹಿಂದಿತ್ತು, ಜಳಕಾ ಮಾಡಸೋವಾಗ ತೆಗದ್ವಿ. ಅವರ ಜೋಡಿನ ಇಡ್ರಿ ಅಂದೆ, ಅಯ್ನೋರು ಬ್ಯಾಡ ಅಂದ್ರು. ನಿನಗಿರಲಿ."

ಬಡಗಿಗಳ ಚಪ್ಪಟೆ ಪೆನ್ಸಿಲು. ಸವೆದು ಬೆರಳುದ್ದ ಆಗಿತ್ತು. ಸುಮಧ್ವ ಅದನ್ನು ಜೇಬಿಗಿಟ್ಟುಕೊಂಡ.

"ಮಂಗಳವಾರ ಊಟಾನೂ ಸರಿ ಮಾಡಲಿಲ್ಲಪಾ," ಅಂದಳು ನೀಲಗಂಗಮ್ಮ. "ಯಾಕ್ರಿ ಅಂದ್ರ, 'ಒಂದು ಡಬ್ಬಿ ತೆಲಿಯಾಗ ಕುಂತೈತಿ' ಅಂದ್ರು. ಯಾವ ಡಬ್ಬಿನೋ ಏನೋ, ಶಿವಾ."

ನಿನ್ನೆಯಿಂದ ಸುಮಧ್ವನನ್ನು ಕೊರೆಯುತ್ತಿದ್ದದ್ದು ಅದೊಂದೇ. ಮರಿಯಮ್ಮನಹಳ್ಳಿ ರಸ್ತೆಯಲ್ಲಿ ಅದಿರು ಲಾರಿ ತೂಗುವ ಕಾಟಾ ಇದೆಯಲ್ಲ, ಅದರ ಡಬ್ಬಿಯೊಳಗೆ ತಾನು ಕದ್ದು ಇಟ್ಟು ಬಂದದ್ದು ಅಣ್ಣಾವ್ರಿಗೆ, ತಾನು ಹಾಗೆ ಕರೆಯುತ್ತಿದ್ದ ಜಡೆಪ್ಪನವರಿಗೆ, ಗೊತ್ತಾಗಿತ್ತೇ? ಗೊತ್ತಾಗಿ, ಆ ಸಂಕಟಕ್ಕೇ ಎದೆ ಒಡೆಯಿತೇ? ಕೇಳೋಣವೆಂದರೆ ಹೇಳಬೇಕಾದವರು ಕಣ್ಣು ಮುಚ್ಚಿ ಕೂತುಬಿಟ್ಟಿದ್ದಾರೆ.

* * *

ಹನ್ನೆರಡು ವರ್ಷದ ಹಿಂದೆ ಡಿಪ್ಲೊಮಾ ಸರ್ಟಿಫಿಕೇಟು ಹಿಡಿದು ಅಂಗಡಿಗೆ ಬಂದಾಗ ಸುಮಧ್ವ ತನ್ನ ಜೊತೆ ಒಂದು ನಕ್ಷೆಯನ್ನೂ ತಂದಿದ್ದ. ಹೊಸ ತರದ ಸ್ಟಾರ್ಟರಿನ ನಕ್ಷೆ, ಮೂರು ಬಣ್ಣದ ಪೆನ್ನಿನಲ್ಲಿ ಬರೆದದ್ದು. ಜಡೆಪ್ಪನವರು ಅದನ್ನು ನೋಡಲೇ ಇಲ್ಲ. ಮರುದಿನ ಕಂಪ್ಲಿಗೆ ಕರೆದುಕೊಂಡು ಹೋಗಿ ಒಂದು ಗದ್ದೆಯ ಬದುವಿನ ಮೇಲೆ ಕೂರಿಸಿದರು. ಕೈಯಲ್ಲಿ ಒಂದು ಸ್ಕ್ರೂಡ್ರೈವರೂ ಇರಲಿಲ್ಲ.

"ಏನು ನೋಡಬೇಕ್ರಿ ಅಣ್ಣಾವ್ರ?"

"ಆ ರೈತನ್ನ ನೋಡು. ಅವ ಎಲ್ಲೆಲ್ಲಿ ಸುಮ್ಮಸುಮ್ಮನ ನಡೀತಾನ, ಅದನ್ನ ನೋಡು."

ಎರಡು ದಿನ ನೋಡಿದರು. ರೈತ ಕರೆಂಟು ಬಂತೋ ಇಲ್ಲವೋ ಎಂದು ದಿನಕ್ಕೆ ಐದು ಸಲ ಮನೆಯಿಂದ ಮೋಟರಿನ ತನಕ ನಡೆಯುತ್ತಿದ್ದ, ಐದು ಸಲ ಬೈದುಕೊಂಡು ವಾಪಸು ಹೋಗುತ್ತಿದ್ದ. ಸುಮಧ್ವನಿಗೆ ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಇದಕ್ಕೇನಾ ನಾನು ಓದಿದ್ದು ಎಂದು ಮನಸ್ಸಿನಲ್ಲೇ ಕುದಿಯುತ್ತಿದ್ದ.

"ಹೊಸದು ಅನ್ನೋದು ನಮ್ಮ ತೆಲಿಯಾಗ ಹುಟ್ಟಂಗಿಲ್ಲಲೇ," ಅಂದರು ಜಡೆಪ್ಪನವರು, ಎರಡನೆಯ ದಿನ ಸಂಜೆ ಬಸ್ಸಿಗೆ ಕಾಯುವಾಗ. "ಅದು ಯಾರದೋ ಕಾಲಾಗ ಹುಟ್ಟತೈತಿ. ಅವಂದು ನಾಕು ಹೆಜ್ಜಿ ಉಳಿಸಿದ್ರ ಅದು ಹೊಸದು. ಉಳಿಸದಿದ್ರ ಎಷ್ಟು ಶ್ಯಾಣೇತನ ಮಾಡಿದ್ರೂ ಅದು ಆಟಗಿ ಸಾಮಾನು. ಮದ್ಲು ಯಾರಿಗೆ ಅಂತ ಕೇಳು. ಹೆಂಗ ಅನ್ನೋದು ಆಮ್ಯಾಲೆ."

ಆ ಹೆಜ್ಜೆ ಉಳಿಸಲು ಮುಂದೆ ಎಂಟು ವರ್ಷ ಬೇಕಾಯಿತು. ಎಲ್ಲರ ಕೈಗೂ ಮೊಬೈಲು ಬರುವ ತನಕ ಕಾದರು. ಬಂದ ತಿಂಗಳಿಗೇ ಹಳೆಯ ಮೊಬೈಲೊಂದನ್ನು ಸ್ಟಾರ್ಟರಿನ ಹೊಟ್ಟೆಯಲ್ಲಿ ಕೂರಿಸಿದರು. ಅದನ್ನು ನೋಡಿ ದೊಡ್ಡ ಊರಿನ ಕಂಪನಿಗಳವರು ಕಾರು ಹತ್ತಿ ಬಂದರು. ನಕಲು ಮಾಡಿಯಾರು, ಒಳಗೆ ರಾಳ ಸುರಿದು ಕಲ್ಲಾಗಿಸಿಬಿಡೋಣ ಎಂದು ಸುಮಧ್ವ ಹಟ ಹಿಡಿದ.

"ಮಾಡ್ಲಿ ಬಿಡು," ಅಂದರು ಜಡೆಪ್ಪನವರು. "ಅವರು ಇದನ್ನ ಮಾಡೋಷ್ಟ್ರಾಗ ನಾವು ಮುಂದಿನದು ಮಾಡೂಣು. ಮುಚ್ಚಿಟ್ರ ಏನಾಗತೈತಿ ಗೊತ್ತೇನು? ನಮ್ಮ ತಪ್ಪು ನಮಗ ಕಾಣಂಗಿಲ್ಲ."

ಆ ಅಂಗಡಿಯ ಯಾವ ಡಬ್ಬಿಗೂ ಬೀಗ ಇಲ್ಲ, ಮೊಹರಿಲ್ಲ. ನಾಲ್ಕೇ ಸ್ಕ್ರೂ. ಮುಚ್ಚಳದ ಒಳಮೈಗೆ ಒಂದು ಬಿಳಿ ಹಾಳೆ ಅಂಟಿಸಿ, ಅದರ ತಲೆಗೆ ಜಡೆಪ್ಪನವರು ಪೆನ್ಸಿಲಿನಲ್ಲಿ ಬರೆಯುತ್ತಿದ್ದರು: ತೆಗೆದವರು ಬರೀಬೇಕು. ಮೆಕ್ಯಾನಿಕ್ಕೇ ಆಗಲಿ, ರೈತನೇ ಆಗಲಿ, ಡಬ್ಬಿ ತೆಗೆದವನು ವಾರ, ನೋಡಿದ್ದು, ಮಾಡಿದ್ದು, ಹೆಸರು ಬರೆದೇ ಮುಚ್ಚಬೇಕು. 'ಇಲಿ ವಾಯರು ಕಡಿದಿತ್ತು.' 'ಇರುವೆ ಗೂಡು ಕಟ್ಟಿದ್ದವು, ಪಾಪ ಅನಸ್ತು, ಆದ್ರೂ ತೆಗದೆ.' ಬರೆಯಲು ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು. ರಿಪೇರಿಗೆ ಬಂದ ಡಬ್ಬಿಗಳ ಮುಚ್ಚಳ ಓದಿಕೊಂಡು ಜಡೆಪ್ಪನವರು ಒಬ್ಬರೇ ನಗುತ್ತಿದ್ದರು.

ಒಂದೇ ಕೊರಗು ಸುಮಧ್ವನದು. ಹನ್ನೆರಡು ವರ್ಷದಲ್ಲಿ ಅವನ ಕೆಲಸ ನೋಡಿ ಅವರು 'ನಡೀತೈತಿ' ಅನ್ನುವುದಕ್ಕಿಂತ ದೊಡ್ಡ ಮಾತು ಆಡಿರಲಿಲ್ಲ. ಆ ಮನುಷ್ಯನ ಬಾಯಿಂದ ಒಮ್ಮೆ 'ಚಂದ ಐತಿ' ಅನ್ನಿಸಿಕೊಳ್ಳಲು ಅವನು ಏನು ಕೊಡಲೂ ಸಿದ್ಧನಿದ್ದ.

* * *

ವಿಮಾನವನ್ನು ಟ್ರ್ಯಾಕ್ಟರಿನ ಟ್ರೇಲರಿಗೆ ಏರಿಸುವಾಗ ಎರ್ರಿಯಪ್ಪ ಬಂದ. ಮರಿಯಮ್ಮನಹಳ್ಳಿ ರಸ್ತೆಯ ಕಾಟಾದಲ್ಲಿ ಕೂತು ಲಾರಿಗಳಿಗೆ ತೂಕದ ಚೀಟಿ ಹರಿದು ಕೊಡುವವನು. ಮೈಕೈಯೆಲ್ಲ ಅದಿರಿನ ಕೆಂಪು ಧೂಳು, ಕೈಯಲ್ಲಿ ಮಾತ್ರ ಬೆಳ್ಳನೆಯ ಸೇವಂತಿಗೆ ಹಾರ. ಹಾರ ಹಾಕಿ, ಕಾಲಿಗೆ ಬಿದ್ದು, ಸುಮಧ್ವನ ತೋಳು ಹಿಡಿದು ಪಕ್ಕಕ್ಕೆ ಎಳೆದ.

"ಸೋಮವಾರ ಬಂದಿದ್ರುರೀ."

"ಯಾರು?"

"ಇವರಾ. ಹಿಂಗ ಹೊಲಕ್ಕ ಹೊಂಟಿದ್ದೆ ಅಂದ್ರು. ನನ್ನ ಚಾ ತಗೊಂಬಾ ಅಂತ ಹೊರಗ ಕಳಿಸಿ ಬಾಗಲಾ ಹಾಕ್ಕೊಂಡ್ರು. ಅರ್ಧ ತಾಸು."

"ಡಬ್ಬಿ ತೆಗೆದ್ರೇನು?"

"ನಾ ಏನ್ ಕಂಡೆ? ವಾಪಸ್ ಬಂದಾಗ ಕುರ್ಚಿ ಮ್ಯಾಲ ಸುಮ್ಮನ ಕುಂತಿದ್ರು. ಚಾ ಕುಡದ್ರು, ಹೋದ್ರು." ಎರ್ರಿಯಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನನಗ ಅಂಜಿಕಿ ಬರಾಕತೈತ್ರಿ. ಅಂಕಿ ಇಳಿಯೋದು ನನಗ ಕಾಣತೈತಿ. ಸಾವಕಾರ ಸುಮ್ಮನಿರು ಅಂದಾನ, ಸುಮ್ಮನದೀನಿ. ಹೊಟ್ಟಿಪಾಡು."

ಭಜನೆಯವರು ತಾಳ ಶುರು ಮಾಡಿದರು.

* * *

ಎರಡು ತಿಂಗಳ ಹಿಂದೆ ಬಿಳಿ ಅಂಗಿಯ ಒಬ್ಬ ಮನುಷ್ಯ ಅಂಗಡಿಗೆ ಬಂದಿದ್ದ. ಜಡೆಪ್ಪನವರು ಕಂಪ್ಲಿಗೆ ಹೋದ ದಿನ ನೋಡಿಯೇ ಬಂದಿದ್ದ. ಕಾಟಾ ಅವನದು, ಲಾರಿಗಳೂ ಅವನವೇ.

"ಮಿಸ್ ಕಾಲಿಗೆ ಮೋಟ್ರು ಚಾಲೂ ಆಗತೈತಿ. ಮಿಸ್ ಕಾಲಿಗೆ ತೂಕ ಎಲ್ಡು ಟನ್ ಇಳೀತೈತೇನ್ರಿ? ಆಗದ ಕೆಲಸ ಬಿಡ್ರಿ. ಭಾಳ ಮಂದಿ ಕೈ ಎತ್ತ್ಯಾರ."

ಆಗದ ಕೆಲಸ! ಆ ಮಾತೇ ಸುಮಧ್ವನಿಗೆ ನಾಟಿದ್ದು. ದುಡ್ಡಿನ ಮಾತು ಆಮೇಲೆ ಬಂತು, ಬರದಿದ್ದರೂ ಅವನು ಮಾಡುತ್ತಿದ್ದ. ಹನ್ನೆರಡು ವರ್ಷ ಇನ್ನೊಬ್ಬರ ಹೊಳಹಿಗೆ ಬೆಸುಗೆ ಹಾಕಿದವನಿಗೆ ತನ್ನದೇ ಅನ್ನುವಂಥದ್ದು ಒಂದು ಸಿಕ್ಕಿತ್ತು. ಮೂರು ಭಾನುವಾರ ಕೂತು ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಎಲ್ಲವನ್ನೂ ಅಡಗಿಸಿದ. ಹೊರಗಿನಿಂದ ಒಂದು ರಿಂಗ್ ಬಂದರೆ ಸಾಕು, ಮುಂದಿನ ಐದು ನಿಮಿಷ ಕಾಟಾ ಎರಡು ಟನ್ ಕಡಿಮೆ ತೋರಿಸುತ್ತದೆ, ಅಷ್ಟು ಅದಿರು ಲೆಕ್ಕಕ್ಕೇ ಸಿಗದೆ ಲಾರಿಯಲ್ಲಿ ಹೊರಬೀಳುತ್ತದೆ. ಕೆಲಸ ಮುಗಿದಾಗ ಅವನಿಗೆ ಕುಣಿಯುವಷ್ಟು ಖುಷಿ. ಯಾರಿಗೂ ತೋರಿಸುವಂತಿರಲಿಲ್ಲ, ಅದೊಂದೇ ಸಂಕಟ.

ಕಾಟಾದ ಅಂಕಿ ತೋರಿಸುವ ಡಬ್ಬಿ ಇವರ ಅಂಗಡಿಯಲ್ಲೇ ತಯಾರಾದದ್ದು. ಅದರ ಮುಚ್ಚಳದ ಬಿಳಿ ಹಾಳೆಯನ್ನು ಸುಮಧ್ವ ಕೆರೆದು ಕಿತ್ತ. ನಾಲ್ಕು ಸ್ಕ್ರೂಗಳ ತಲೆಗೂ ಕಲ್ಲಿನಂತೆ ಗಟ್ಟಿಯಾಗುವ ಎಂಸೀಲು ಅಂಟು ಮೆತ್ತಿ ಮುಚ್ಚಿದ. ಆ ಅಂಗಡಿಯಿಂದ ಹೊರಬಿದ್ದ ಡಬ್ಬಿಗಳಲ್ಲಿ ಬಾಯಿ ಕಟ್ಟಿಸಿಕೊಂಡದ್ದು ಅದೊಂದೇ.

ಮೊನ್ನೆ ಮಂಗಳವಾರ ಮಧ್ಯಾಹ್ನ ಜಡೆಪ್ಪನವರು ಬುತ್ತಿ ಬಿಚ್ಚಿ, ರೊಟ್ಟಿ ಮುರಿಯುತ್ತ, ತಲೆ ಎತ್ತದೆ ಕೇಳಿದ್ದರು.

"ಸುಮಧ್ವ, ನೀ ಎಲ್ಲ್ಯಾರ ಒಂದು ಡಬ್ಬಿ ಮುಚ್ಚಿ ಬಂದೀಯೇನು?"

"ಇಲ್ರಿ ಅಣ್ಣಾವ್ರ."

"ನೆನಪು ಮಾಡ್ಕೋ."

"ಇಲ್ರಿ."

ಜಡೆಪ್ಪನವರು ಎಂದಿನ ಹಾಗೆ ಶೇಂಗಾ ಚಟ್ನಿಯ ಡಬ್ಬಿಯನ್ನು ಇವನ ಕಡೆ ಸರಿಸಿದರು.

* * *

ಟ್ರ್ಯಾಕ್ಟರು ಟಿ.ಬಿ. ಡ್ಯಾಂ ದಾಟಿ ಮರಿಯಮ್ಮನಹಳ್ಳಿ ರಸ್ತೆಗೆ ಬಿತ್ತು. ಹೊಲ ಅಲ್ಲೇ ಮುಂದೆ. ಟ್ರೇಲರಿನಲ್ಲಿ ವಿಮಾನದ ಸುತ್ತ ಮನೆಯ ಹತ್ತು ಹನ್ನೆರಡು ಜನ, ಹಿಂದೆ ಎರಡು ಟೆಂಪೊದಲ್ಲಿ ಉಳಿದವರು. ಸುಮಧ್ವ ವಿಮಾನದ ಬಲಗಾಲನ್ನು ಕೈಯಿಂದ ಒತ್ತಿ ಹಿಡಿದೇ ಕೂತಿದ್ದ. ಅದಿರು ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದವು. ಹೆಣದ ಮೇಲಿನ ಮಲ್ಲಿಗೆ ಡ್ಯಾಂ ದಾಟುವುದರೊಳಗೆ ಕೆಂಪಾಗಿತ್ತು.

ಮೋಟರ್‌ಸೈಕಲ್ಲಿನಲ್ಲಿ ಮುಂದೆ ಹೋಗಿದ್ದ ಎರ್ರಿಯಪ್ಪ ಕಾಟಾದ ಮುಂದೆ ರಸ್ತೆಗೆ ಇಳಿದು ಕೈ ಅಡ್ಡ ಹಿಡಿದ.

"ಒಂದು ನಿಮಿಷ ಇಲ್ಲಿ ನಿಂದ್ರಿಸ್ರಿ. ಅವರ ಕೈಯಾಗ ಆದ ಕಾಟಾ ಇದು. ಕಾಯಿ ಒಡದು ಕಳಸತೀನಿ."

ತೋಟಪ್ಪ ಟ್ರ್ಯಾಕ್ಟರನ್ನು ತಿರುಗಿಸಿ ಕಾಟಾದ ಕಬ್ಬಿಣದ ಹಾಸಿನ ಮೇಲೆ ತಂದು ನಿಲ್ಲಿಸಿದ. ಗೋಡೆಯ ಮೇಲಿನ ದೊಡ್ಡ ಬೋರ್ಡಿನಲ್ಲಿ ಕೆಂಪು ಅಂಕಿಗಳು ಏರಿ ನಿಂತವು: ೪೩೮೦. ಎರ್ರಿಯಪ್ಪ ಕಾಯಿ ಒಡೆದ. ಎಲ್ಲರೂ ಕೈ ಮುಗಿದರು.

ಆಗಲೇ ಅಂಕಿ ಅಲುಗಿತು. ಒಂದು ಸಲ ಮಿಟುಕಿ, ೨೩೮೦ ಆಗಿ ನಿಂತುಬಿಟ್ಟಿತು.

ಹಿಂದೆ ಸರದಿಯಲ್ಲಿ ನಿಂತ ಲಾರಿಯವನು ತನ್ನ ಪಾಳಿ ಬಂತೆಂದು ರಿಂಗ್ ಕೊಟ್ಟಿದ್ದ. ಅದು ಗೊತ್ತಿದ್ದವರು ಅಲ್ಲಿ ಇಬ್ಬರೇ. ಎರ್ರಿಯಪ್ಪ ತೆಂಗಿನ ಹೋಳು ಹಿಡಿದು ನೆಲ ನೋಡಿದ. ಸುಮಧ್ವನಿಗೆ ಭೂಮಿ ಬಾಯಿ ಬಿಟ್ಟರೆ ಇಳಿದುಹೋಗೋಣ ಅನ್ನಿಸಿತು.

"ಅಯ್ಯ ಶಿವನ!" ಎಂದು ಕೂಗಿದ್ದು ಪಕ್ಕದ ಮನೆಯ ಮುದುಕಿ ಸುಂಕಲಮ್ಮ. "ನೋಡ್ರಿ, ನೋಡ್ರಿ, ಹಗರಾದ್ರು! ಮಣ್ಣಿಗೆ ಹೋಗೋಕಿಂತ ಮದ್ಲ ಶಿವನ ಪಾದ ಸೇರಿಬಿಟ್ರು ನಮ್ಮ ಜಡೆಪ್ಪ!"

ಟ್ರೇಲರಿನ ತುಂಬ ಗುಲ್ಲೆದ್ದಿತು. ಟೆಂಪೊದವರೂ ಇಳಿದು ಓಡಿ ಬಂದರು. ಜಡೆಪ್ಪನವರ ಸಹಪಾಠಿ ನಾಗೇಂದ್ರಪ್ಪ ಮೇಷ್ಟ್ರು, "ಅಲ್ರಬೇ, ಜಡೆಪ್ಪ ಇದ್ದದ್ದ ಅರವತ್ತು ಕೇಜಿ. ಎಲ್ಡು ಟನ್ ಹೆಂಗ ಇಳೀತೈತಿ?" ಎಂದು ಬಾಯಿ ತೆಗೆದರೋ ಇಲ್ಲವೋ, "ನೀವು ಸುಮ್ಮನ ಕುಂದ್ರಿ ಮೇಷ್ಟ್ರ, ಎಲ್ಲಾದಕ್ಕೂ ಲೆಕ್ಕ!" ಎಂದು ನಾಲ್ಕು ಹೆಂಗಸರು ಮುಗಿಬಿದ್ದರು. ನೀಲಗಂಗಮ್ಮ ಮಾತ್ರ ಬೋರ್ಡಿನ ಕಡೆ ನೋಡುತ್ತಿದ್ದಳು. ಆಕೆಯ ಒಣಗಿದ ಮುಖದ ಮೇಲೆ ಎರಡು ದಿನದಲ್ಲಿ ಮೊದಲ ಸಲ ಒಂದಿಷ್ಟು ಸಮಾಧಾನ ಮೂಡಿತ್ತು. ಸುಮಧ್ವನಿಗೆ ಅದನ್ನು ನೋಡಲಾಗಲಿಲ್ಲ.

ಹೊಲದಲ್ಲಿ ಗುಂಡಿ ತೆಗೆದು ಸಾರಿಸಿ ಇಟ್ಟಿದ್ದರು. ಅಯ್ನೋರು ಮಂತ್ರ ಹೇಳಿ ಜಡೆಪ್ಪನವರನ್ನು ಗೂಡಿನೊಳಗೆ ಕೂರಿಸಿದರು. ಬಿಲ್ವಪತ್ರೆ, ವಿಭೂತಿಗಟ್ಟಿ ಸುರಿದರು. ಒಬ್ಬೊಬ್ಬರಾಗಿ ಮಣ್ಣು ಕೊಟ್ಟರು. ಸುಮಧ್ವನ ಸರದಿ ಬಂದಾಗ ಹಿಡಿ ಬಿಚ್ಚಲೇ ಇಲ್ಲ. "ಅಣ್ಣಾವ್ರ, ಸುಳ್ಳು ಹೇಳಿದೆರೀ," ಎಂದು ಅವನು ಗುಂಡಿಯ ಅಂಚಿನಲ್ಲಿ ಬಗ್ಗಿ ಹೇಳಿದ. ತಾಳದ ಸದ್ದಿಗೆ ಪಕ್ಕದವರಿಗೂ ಕೇಳಲಿಲ್ಲ. ಹಿಂದಿನವರು ಬೆನ್ನು ತಟ್ಟಿದ ಮೇಲೆ ಮಣ್ಣು ಕೈಬಿಟ್ಟಿತು.

* * *

ವಾಪಸು ಬರುವಾಗ ಸುಂಕಲಮ್ಮ ಬಿಡಲಿಲ್ಲ. "ಆ ಕಾಟಾಕ್ಕ ಇನ್ನೊಮ್ಮೆ ಕೈ ಮುಗದು ಹೋಗೂಣು. ಒಂದು ಊದಿನಕಡ್ಡಿನಾರ ಹಚ್ಚೂಣು," ಅಂದಳು. ತೋಟಪ್ಪ ಟ್ರ್ಯಾಕ್ಟರನ್ನು ಮತ್ತೆ ಹಾಸಿನ ಮೇಲೆ ನಿಲ್ಲಿಸಿದ. ಹೋಗುವಾಗ ಇದ್ದ ಅದೇ ಮಂದಿ. ವಿಮಾನವನ್ನು ಹೊಲದಲ್ಲೇ ಬಿಟ್ಟಿದ್ದರು.

ನಾಳೆ ಇಲ್ಲಿ ಊದಿನಕಡ್ಡಿ, ನಾಡಿದ್ದು ಕುಂಕುಮ, ಆಮೇಲೆ ಒಂದು ಕಟ್ಟೆ. ತನ್ನ ಕಳ್ಳತನಕ್ಕೆ ಅಣ್ಣಾವ್ರ ಹೆಸರಿನಲ್ಲಿ ಪೂಜೆ. ಸುಮಧ್ವ ಟ್ರೇಲರಿನಿಂದ ಧುಮುಕಿ ನೇರ ಕಾಟಾದ ಕೋಣೆಗೆ ನಡೆದ.

ಡಬ್ಬಿಯ ಸ್ಕ್ರೂಗಳ ಮೇಲೆ ಎಂಸೀಲು ಇರಲಿಲ್ಲ. ಯಾರೋ ಚೊಕ್ಕಟವಾಗಿ ಕೆರೆದು ತೆಗೆದಿದ್ದರು. ನಾಲ್ಕು ತಲೆಗಳೂ ಹೊಳೆಯುತ್ತಿದ್ದವು. ಅವನು ಒಂದೊಂದೇ ಬಿಚ್ಚಿ ಮುಚ್ಚಳ ತಿರುಗಿಸಿದ. ಒಳಗೆ ಹೊಸ ಬಿಳಿ ಹಾಳೆ, ಅಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಓದುತ್ತ ಓದುತ್ತ ಅವನು ನೆಲದ ಮೇಲೆ ಕೂತುಬಿಟ್ಟ.

"ಏನಪಾ ಅದು?" ನೀಲಗಂಗಮ್ಮ ಬಾಗಿಲಲ್ಲಿ ನಿಂತಿದ್ದಳು. ಹಿಂದೆ ಸುಂಕಲಮ್ಮ, ಅವಳ ಹಿಂದೆ ಎಲ್ಲರೂ.

"ಅದು ಪವಾಡ ಅಲ್ರಿ ಅಮ್ಮಾ. ಅಂಕಿ ಇಳಿಯೋ ಹಂಗ ನಾನಾ ಮಾಡಿಟ್ಟಿದ್ದೆ. ಲಾರಿಯವರ ಕಳವಿಗೆ. ಅಣ್ಣಾವ್ರು ಕೇಳಿದ್ರು. ಇಲ್ಲ ಅಂದೆ."

ನೀಲಗಂಗಮ್ಮನ ಮುಖದ ಸಮಾಧಾನ ಇಳಿದುಹೋದದ್ದನ್ನು ಸುಮಧ್ವ ನೋಡಿದ. ಈ ಸಲ ಕಣ್ಣು ತಪ್ಪಿಸಲಿಲ್ಲ.

"ಅವರಿಗೆ ಗೊತ್ತಿತ್ತೇನು?"

ಅವನು ಮುಚ್ಚಳವನ್ನು ಆಕೆಯ ಕಡೆ ಹಿಡಿದ.

"ನನಗ ಓದಾಕ ಬರಂಗಿಲ್ಲ. ಓದು."

"ತೆಗೆದವರು ಬರೀಬೇಕು," ಎಂದು ಸುಮಧ್ವ ಓದಿದ. "ಸೋಮವಾರ. ತೆಗೆದು ನೋಡಿದೆ. ಒಳಗೆ ಒಂದು ಮೊಬೈಲು ಐತಿ. ಕೆಲಸ..." ಆ ಸಾಲನ್ನು ಮೊದಲಿಂದ ಹಿಡಿದ. "ಕೆಲಸ ಭಾಳ ಚಂದ ಐತಿ. ಇಷ್ಟು ಸಣ್ಣದಾಗಿ ಮಾಡಾಕ ನನಗ ಬರ್ತಿದ್ದಿಲ್ಲ. ಯಾರಿಗೆ ಅಂತ ಮಾತ್ರ ಕೇಳಿಲ್ಲ. ಮಾಡಿದವನಾ ಬಿಚ್ಚಲಿ. ಗುರುವಾರ ತನಕ ನೋಡತೀನಿ. ಇಲ್ಲಂದ್ರ ನಾನಾ ಬರತೀನಿ. ಜಡೆಪ್ಪ."

ಇವತ್ತು ಗುರುವಾರ.

"ಬಂದಿದ್ರಲ್ಲಪಾ," ಅಂದಳು ನೀಲಗಂಗಮ್ಮ. ಅಂದವಳು ಸೆರಗು ಬಾಯಿಗೆ ಒತ್ತಿಕೊಂಡಳು.

ಸುಮಧ್ವ ಡಬ್ಬಿಯೊಳಗೆ ಕೈ ಹಾಕಿ ಮೂರು ತಂತಿ ಕತ್ತರಿಸಿ ತಾನು ಇಟ್ಟಿದ್ದ ಮೊಬೈಲನ್ನು ಹೊರಗೆಳೆದ. ಜೇಬಿನಿಂದ ಗಿಡ್ಡ ಪೆನ್ಸಿಲು ತೆಗೆದು, ಆ ಸಾಲುಗಳ ಕೆಳಗೆ ಬರೆದ: ಗುರುವಾರ. ಬಿಚ್ಚಿದೆ. ಸುಮಧ್ವ.

"ಸಾವಕಾರ ಕೇಳಿದ್ರ ನಾ ಏನ್ ಹೇಳ್ಲಿ?" ಎಂದ ಎರ್ರಿಯಪ್ಪ.

"ನನ್ನ ಹೆಸರು ಹೇಳ್ರಿ. ಒಳಗ ಬರದೇನಿ."

ಡಬ್ಬಿಗೆ ನಾಲ್ಕು ಸ್ಕ್ರೂ ಹಾಕಿ ಸುಮಧ್ವನೂ ಟ್ರೇಲರಿನವರೂ ಮತ್ತೆ ಹತ್ತಿ ಕೂತಾಗ ಲಾರಿಯೊಂದು ಬಂದು ಟ್ರ್ಯಾಕ್ಟರಿನ ಹಿಂದೆ ನಿಂತಿತು. ಸುಮಧ್ವನ ಅಂಗೈಯಲ್ಲಿದ್ದ ಮೊಬೈಲು ಬೆಳಗಿ ಗುರ್ರೆಂದಿತು. ಎಲ್ಲರೂ ಬೋರ್ಡಿನ ಕಡೆ ತಿರುಗಿದರು. ಒಂದು ರಿಂಗ್ ಆಗಿ ನಿಂತಿತು. ಕೆಂಪು ಅಂಕಿ ೪೨೬೦. ಹೋಗುವಾಗ ಇದ್ದದ್ದಕ್ಕಿಂತ, ಒಂದು ವಿಮಾನ ಮತ್ತು ಒಬ್ಬ ಮನುಷ್ಯನಷ್ಟು ಕಡಿಮೆ. ಅದು ಅಲುಗಲಿಲ್ಲ.